ಹದಿನೈದು ದಿವಸದ ತಾಯ್ತನ

ಕಳೆದ ಬೇಸಗೆಯ ಒಂದು ಸಂಜೆ ಬಾಗಲಕೋಟೆಯ ನವನಗರದಲ್ಲಿ ವಾಸವಾಗಿರುವ ಮಿತ್ರರೊಬ್ಬರ ಮನೆಗೆ ಹೋಗಿದ್ದೆನು. ಅವರದು ಹಲವು ತಲೆಮಾರುಗಳಿಂದ ಕ್ರೈಸ್ತ ಧರ್ಮವನ್ನು ಆಚರಿಸಿಕೊಂಡು ಬಂದ, ವಿದ್ಯೆಗೂ ವಿನಯಕ್ಕೂ ಹೆಸರಾದ ಮನೆತನ. ಅಂದು ಮನೆಯಲ್ಲಿ ಸಂಭ್ರಮವಿದ್ದಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗಳು ತನ್ನ ವರ್ಷದ ರಜೆಯಲ್ಲಿ ಹದಿನೈದು ದಿವಸಗಳನ್ನು ಕಾಂಬೋಡಿಯಾ ದೇಶದ ಒಂದು ಅನಾಥಾಲಯದಲ್ಲಿ ಮಕ್ಕಳ ಸೇವೆಗಾಗಿ ಕಳೆಯಲು ನಿಶ್ಚಯಿಸಿದ್ದಳು. ವಿಮಾನದ ಟಿಕೀಟು ಕೈಸೇರಿದ್ದಿತು. ಹಂಚುವದಕ್ಕೆಂದು ಬಣ್ಣದ ಪೆನ್ಸಿಲುಗಳನ್ನೂ ಗೊಂಬೆಗಳನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ ಇಟ್ಟಿದ್ದರು. ಚಹ ಕುಡಿಯುತ್ತ ನಾನು ಸಹಜವಾಗಿ ಮೂರು ಮಾತು ಕೇಳಿದೆನು. “ತಂಗೀ, ಆ ಮಕ್ಕಳು ಆಡುವ ಭಾಷೆ ಯಾವದು? ನೀನು ಹೊರಟುಬಂದ ಮರುದಿವಸ ಅವರನ್ನು ಎತ್ತಿಕೊಳ್ಳುವವರು ಯಾರು? ಅವರಲ್ಲಿ ಎಷ್ಟು ಮಂದಿಯ ಹೆತ್ತ ತಾಯಿ ಇನ್ನೂ ಬದುಕಿದ್ದಾಳೆ?” ಆಕೆ ಬುದ್ಧಿವಂತೆ, ಸಿಟ್ಟಿಗೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಕಾ, ಈ ಮೂರರಲ್ಲಿ ಒಂದನ್ನೂ ನಾನು ವಿಚಾರಿಸಿಲ್ಲ” ಎಂದಳು. ಆಕೆಯ ತಾಯಿಗೆ ಮಾತ್ರ ನನ್ನ ಪ್ರಶ್ನೆಗಳು ರುಚಿಸಲಿಲ್ಲ. “ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕೂಗಬಾರದು, ಅಣ್ಣಾ” ಎಂದು ಅವರು ಒಳಗೆ ಹೋದರು.

ಆ ತಾಯಿಯವರಿಗೆ ಅಂದು ಹೇಳಲಾರದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿರುವೆನು. ವಾಚಕರು ಒಂದು ತಪ್ಪು ಕಲ್ಪನೆಯನ್ನು ಮೊದಲೇ ದೂರಮಾಡಬೇಕೆಂದು ವಿನಂತಿ. ಇದು ಕ್ರೈಸ್ತರ ಮೇಲಿನ ದೂರೂ ಅಲ್ಲ, ದೇಶಾಂತರ ಹೋಗಿ ಸೇವೆ ಮಾಡುವವರ ಅಪಹಾಸ್ಯವೂ ಅಲ್ಲ. ದಿಕ್ಕಿಲ್ಲದ ಮಗುವನ್ನು ಕಂಡು ಕರಗುವ ಹೃದಯವು ಯಾವ ಮತದವರಲ್ಲಿದ್ದರೂ ಗೌರವಕ್ಕೆ ಪಾತ್ರವಾದುದೇ. ನನ್ನ ವಾದವು ಇಷ್ಟೆ: ಪರಸ್ಥಳದವರು ಬಂದು ನಾಲ್ಕು ದಿವಸ ಪುಣ್ಯ ಸಂಪಾದಿಸಿ ಹೋಗುವ ಕ್ಷೇತ್ರವೆಂದು ಅನಾಥಾಲಯವನ್ನು ಭಾವಿಸಬಾರದು; ಹಾಗೆ ಭಾವಿಸಿದರೆ ಆ ಪುಣ್ಯದ ಬೆಲೆಯನ್ನು ಮಗುವೇ ತೆರಬೇಕಾಗುವದು. ಕ್ರೈಸ್ತ ಧರ್ಮವು ತನ್ನವರಿಂದ ಬೇಡುವ ಸೇವೆಯು ಇದಕ್ಕಿಂತ ಕಠಿಣವಾದುದು, ನಿಧಾನವಾದುದು, ಬಹುಮಟ್ಟಿಗೆ ಯಾರ ಕಣ್ಣಿಗೂ ಬೀಳದಿರುವಂಥದು.

ಈ ವಿಷಯದಲ್ಲಿ ಮಾತನಾಡಲು ನಮ್ಮ ಜಿಲ್ಲೆಗೆ ವಿಶೇಷವಾದ ಅಧಿಕಾರವುಂಟು. ಏಕೆಂದರೆ ಒಂದು ಕಾಲಕ್ಕೆ ನಾವೇ ಇತರರ ಪಾಲಿನ ಹೊರದೇಶವಾಗಿದ್ದೆವು. ಸ್ವಿಝರ್ಲಂಡ ದೇಶದ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯು 1834ರಲ್ಲಿ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿತು. 1851ರಲ್ಲಿ ಬಾದಾಮಿ ಸೀಮೆಯ ನೇಕಾರರ ಊರಾದ ಗುಳೇದಗುಡ್ಡವನ್ನು ಮುಟ್ಟಿತು. ಹಾಗೆ ಬಂದವರು ಹದಿನೈದು ದಿವಸದ ರಜೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದವರಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿ ಕುಳಿತು ಬಂದು, ಇಲ್ಲಿಯ ಬಿಸಿಲಿಗೂ ಜ್ವರಕ್ಕೂ ಮೈಯೊಡ್ಡಿ, ಮೊಟ್ಟಮೊದಲು ನಮ್ಮ ಭಾಷೆಯನ್ನು ಕಲಿಯಲು ಕುಳಿತರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾಗಿ ಹೊರಬಿದ್ದುದು 1894ರಲ್ಲಿ. ಬಂದುದಕ್ಕೂ ನಿಘಂಟು ಹೊರಬಿದ್ದುದಕ್ಕೂ ನಡುವೆ 41 ವರ್ಷಗಳು! ಅವರ ಮತದ ಉದ್ದೇಶಗಳ ವಿಷಯದಲ್ಲಿ ಯಾರಿಗೆ ಯಾವ ಅಭಿಪ್ರಾಯವಿದ್ದರೂ, ಒಬ್ಬರ ನಡುವೆ ಕೆಲಸ ಮಾಡಬೇಕಾದರೆ ಅವರ ನುಡಿ ತಿಳಿದಿರಬೇಕೆಂಬ ಕನಿಷ್ಠ ಮರ್ಯಾದೆಯನ್ನು ಅವರು ಬಲ್ಲವರಾಗಿದ್ದರೆಂದು ಒಪ್ಪಲೇಬೇಕು.

ಆ ಮೇಲೆ 1876ರ ಬರವು ಬಂದಿತು. ಎರಡು ವರ್ಷ ನಡೆದ ಆ ಮಹಾಕ್ಷಾಮವು ಅಂದಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಇಂದಿನ ವಿಜಯಪುರ ಬಾಗಲಕೋಟೆಗಳ ಸೀಮೆಯನ್ನು, ಹಿಂಡಿ ಹಿಪ್ಪೆಮಾಡಿತು. 1872ರ ಖಾನೇಸುಮಾರಿಯಲ್ಲಿ ಎಂಟು ಲಕ್ಷಕ್ಕೆ ಮೀರಿದ್ದ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ ಸುಮಾರು ಆರು ಲಕ್ಷ ನಲವತ್ತು ಸಾವಿರಕ್ಕೆ ಇಳಿದಿದ್ದಿತು. ಸತ್ತವರೆಷ್ಟೋ, ಗುಳೇ ಹೋಗಿ ಮರಳದವರೆಷ್ಟೋ! ಬರದಲ್ಲಿ ಒಕ್ಕಲಿಗನ ಹೊಲ ಒಣಗಿದರೆ ನೇಕಾರನ ಮಗ್ಗವೂ ನಿಲ್ಲುವದು. ಅನ್ನವಿಲ್ಲದವನು ಸೀರೆಯನ್ನೂ ಕುಬಸದ ಖಣವನ್ನೂ ಕೊಳ್ಳುವದೆಲ್ಲಿಂದ? ತಾಯ್ತಂದೆಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಶನ್ನಿನವರು ತಮ್ಮ ಅನಾಥಾಲಯಗಳಲ್ಲಿ ಸೇರಿಸಿಕೊಂಡರು. ನೇಯ್ಗೆಯೋ ಹಂಚಿನ ಕೆಲಸವೋ ಮುದ್ರಣವೋ, ಮುಂದೆ ಹೊಟ್ಟೆ ಹೊರೆಯುವ ಒಂದು ಕಸಬನ್ನು ಕಲಿಸುವದು ಅವರ ಪದ್ಧತಿಯಾಗಿದ್ದಿತು. ಆ ಮಕ್ಕಳ ವಂಶದವರು ಇಂದು ನಮ್ಮೊಡನೆ ಶಿಕ್ಷಕರಾಗಿ, ವೈದ್ಯರಾಗಿ, ನೆರೆಹೊರೆಯವರಾಗಿ ಬಾಳುತ್ತಿರುವರು. ಈ ಉಪಕಾರವನ್ನು ಮರೆಯುವದು ಕೃತಘ್ನತೆ.

ಆದರೆ ಉಪಕಾರವನ್ನು ನೆನೆಯುವಾಗ ಅದರೊಳಗಿನ ತೊಡಕುಗಳನ್ನು ಮರೆಯುವದೂ ಪ್ರಾಮಾಣಿಕತನವಲ್ಲ. ಹಸಿದ ಕೂಸಿಗೆ ಗಂಜಿ ಕೊಟ್ಟವರ ದೇವರೇ ಅದಕ್ಕೆ ದೇವರಾಗುವದು ಸಹಜ. ಅದನ್ನು ಮಗುವಿನ ಒಪ್ಪಿಗೆಯೆಂದು ಎಣಿಸುವದು ನ್ಯಾಯವೇ? ಈ ಪ್ರಶ್ನೆಯನ್ನು ಅಂದಿನ ಜನ ಕೇಳಿದರು, ಇಂದೂ ಕೇಳುತ್ತಾರೆ, ಕೇಳುವ ಹಕ್ಕು ಅವರಿಗಿದೆ. ಅನ್ನ ಹಾಕುವ ಕೈಯು ಯಾವ ಮತದ್ದೇ ಆಗಿರಲಿ, ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುವದು.

ಎರಡನೆಯ ತೊಡಕು ಇನ್ನೂ ಮರುಕ ಹುಟ್ಟಿಸುವಂಥದು. ನಮ್ಮ ಅನಾಥ ಮಕ್ಕಳಿಗೆ ತಾಯ್ತಂದೆಗಳಾಗಿ ನಿಂತ ಆ ಪಾದ್ರಿಗಳು ತಮ್ಮ ಸ್ವಂತ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿಸಿ ಯುರೋಪಿಗೆ ಕಳಿಸಬೇಕಾಗಿದ್ದಿತು. ಸಂಸ್ಥೆಯೇ 1853ರಲ್ಲಿ ಹಾಗೆ ನಿಯಮ ಮಾಡಿ, ಆ ಮಕ್ಕಳ ಸಲುವಾಗಿ ಬಾಸೆಲಿನಲ್ಲಿ ಒಂದು ನಿಲಯವನ್ನು ತೆರೆಯಿತು. ನಿಯಮಕ್ಕೆ ಮೊದಲೂ ಈ ರೂಢಿಯಿದ್ದಿತು. ಮಲಯಾಳ ನಿಘಂಟಿನ ಕರ್ತೃಗಳಾದ ಹೆರ್ಮನ್ ಗುಂಡರ್ಟರ ಮಗಳು ಮಾರೀ 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದವಳು. ಬಾಲ್ಯದಲ್ಲೇ ಹೆತ್ತವರಿಂದ ಅಗಲಿ ಯುರೋಪಿನಲ್ಲಿ ಪರರ ಆಶ್ರಯದಲ್ಲಿ ಬೆಳೆದಳು. ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದ ಹೆರ್ಮನ್ ಹೆಸ್ಸೆಯು ಈಕೆಯ ಮಗನು. ಪರರ ಅನಾಥರನ್ನು ಸಲಹುವದಕ್ಕಾಗಿ ತಮ್ಮ ಮಕ್ಕಳನ್ನು ಅನಾಥರಂತೆ ಬೆಳೆಸಿದ ಆ ತ್ಯಾಗವನ್ನು ಕೆಲವರು ಕೊಂಡಾಡುವರು. ನನಗಾದರೋ, ಹಡಗುಕಟ್ಟೆಯ ಮೇಲೆ ನಿಂತ ಆ ಕೂಸನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯೇ ಮೊದಲು ಏಳುವದು. ತ್ಯಾಗ ಮಾಡಿದವರು ದೊಡ್ಡವರು. ತ್ಯಾಗಕ್ಕೆ ಗುರಿಯಾದವರು ಚಿಕ್ಕವರು.

ಮೂರನೆಯದು 1914ರ ಮಹಾಯುದ್ಧದ ಸಂಗತಿ. ಆಂಗ್ಲ ಸರಕಾರವು ಜರ್ಮನ್ ಪಾದ್ರಿಗಳನ್ನು ಶತ್ರುದೇಶದ ಪ್ರಜೆಗಳೆಂದು ಬಂಧನದಲ್ಲಿಟ್ಟು, ಆ ಮೇಲೆ ಸ್ವದೇಶಕ್ಕೆ ಸಾಗಿಸಿತು. ಮೂವತ್ತು ವರ್ಷ ಇರುವೆವೆಂದು ಬಂದವರೂ ಒಂದು ಸರಕಾರೀ ಹುಕುಮಿನಿಂದ ಹೊರಡಬೇಕಾಯಿತು. ಹಿಂದೆ ಉಳಿದ ಶಾಲೆಗಳನ್ನೂ ಸಭೆಗಳನ್ನೂ ದಿನದಿನಕ್ಕೆ ಎತ್ತಿಹಿಡಿದವರು ಇಲ್ಲಿಯ ಕನ್ನಡದ ಉಪಾಧ್ಯಾಯರು, ಕನ್ನಡದ ಸಭಾಪಾಲಕರು, ಕನ್ನಡದ ತಾಯಂದಿರು. ಪರಸ್ಥಳದವರ ಪ್ರೀತಿಯು ಎಷ್ಟು ನಿಜವಾಗಿದ್ದರೂ ಅದಕ್ಕೆ ಹಡಗಿನ ವೇಳೆಯೊಂದು ಗೊತ್ತಾಗಿಯೇ ಇರುವದು. ಮಗುವಿಗೆ ಬೇಕಾದ ಪ್ರೀತಿಗೆ ಅಂಥ ವೇಳೆ ಇರಕೂಡದು.

ಭಾಷೆ ಕಲಿತು, ನೆಲೆ ನಿಂತು, ಮುಪ್ಪಾಗುವ ವರೆಗೆ ದುಡಿದವರ ಸೇವೆಯಲ್ಲಿಯೇ ಇಷ್ಟು ತೊಡಕುಗಳಿದ್ದರೆ, ಭಾಷೆ ತಿಳಿಯದೆ ಹದಿನೈದು ದಿವಸಕ್ಕೆ ಹೋಗಿಬರುವವರ ಸೇವೆಯ ಗತಿಯೇನು? ಇದನ್ನು ಮಗುವಿನ ಕಡೆಯಿಂದ ನೋಡೋಣ.

ಹೊಸಬರು ಅನಾಥಾಲಯದ ಬಾಗಿಲಲ್ಲಿ ಕಾಲಿಟ್ಟ ಕೂಡಲೆ ಮಕ್ಕಳು ಓಡಿಬಂದು ಕೈಹಿಡಿಯುವರು, ಸೊಂಟಕ್ಕೆ ಜೋತುಬೀಳುವರು, ‘ಅಕ್ಕಾ, ಅಕ್ಕಾ’ ಎಂದು ಬಿಡದೆ ಕೂಗುವರು. ಬಂದವರ ಕಣ್ಣು ತುಂಬುವದು. “ಎಷ್ಟು ಪ್ರೀತಿಯ ಮಕ್ಕಳು!” ಎಂದು ಊರಿಗೆ ಮರಳಿ ಹೇಳುವರು. ಆದರೆ ನಮ್ಮ ಮನೆಯ ಎರಡು ವರ್ಷದ ಕೂಸು ಅಪರಿಚಿತರನ್ನು ಕಂಡರೆ ಏನು ಮಾಡುವದು? ಅವ್ವನ ಸೆರಗಿನ ಹಿಂದೆ ಅಡಗಿ ಇಣಿಕಿ ನೋಡುವದು. ಅದು ಆರೋಗ್ಯದ ಲಕ್ಷಣ. ಇವರು ನಮ್ಮವರು, ಅವರು ಹೊರಗಿನವರು ಎಂಬ ತಿಳಿವಳಿಕೆಯು ಆ ಕೂಸಿಗಿದೆ, ಅಡಗುವದಕ್ಕೆ ಒಂದು ಸೆರಗೂ ಇದೆ. ಬಂದವರೆಲ್ಲರ ಕೊರಳಿಗೆ ಬೀಳುವ ಮಗುವು ಅಡಗಲು ಸೆರಗಿಲ್ಲದ ಮಗು. ಬಂದವರು ಪ್ರೀತಿಯೆಂದು ಎಣಿಸುವದು ವಾಸ್ತವವಾಗಿ ಗಾಯ. ಪ್ರತಿ ತಿಂಗಳೂ ಹೊಸ ಅಕ್ಕನೊಬ್ಬಳು ಬಂದು ಆ ಗಾಯದ ಹಕ್ಕಳೆಯನ್ನು ಕೀಳುವಳು. ಹದಿನೈದು ದಿವಸಕ್ಕೆ ಹೋಗುವಳು. ಹೋದವರಿಗೆ ಅದು ಒಂದು ಅಗಲಿಕೆ. ಮಗುವಿಗೆ ಆ ವರ್ಷದ ಹತ್ತನೆಯದೋ ಹನ್ನೆರಡನೆಯದೋ.

ಇದು ನನ್ನ ಊಹೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಮನೆಮಠಗಳನ್ನು ಕಳೆದುಕೊಂಡ ಮಕ್ಕಳ ವಿಷಯವಾಗಿ ಜಾಗತಿಕ ಆರೋಗ್ಯ ಸಂಸ್ಥೆಯ ಸಲುವಾಗಿ ಇಂಗ್ಲೆಂಡಿನ ಜಾನ್ ಬೌಲ್ಬಿಯೆಂಬ ವೈದ್ಯರು 1951ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ತಾಯಿಯದಾಗಲಿ, ತಾಯಿಯ ಸ್ಥಾನದಲ್ಲಿ ನಿಂತವರದಾಗಲಿ, ಕಡಿದುಹೋಗದ ಸಂಬಂಧವು ಮಗುವಿನ ಮನಸ್ಸಿಗೆ ಅನ್ನದಷ್ಟೇ ಅವಶ್ಯವೆಂಬದು ಅದರ ಸಾರ. ರುಮೇನಿಯಾ ದೇಶದ ಬುಖಾರೆಸ್ಟ್ ನಗರದಲ್ಲಿ 2000ದಲ್ಲಿ ಆರಂಭವಾದ ಒಂದು ದೀರ್ಘ ಅಧ್ಯಯನದಲ್ಲಿ ಅನಾಥಾಲಯಗಳ 136 ಕೂಸುಗಳನ್ನು ಪರೀಕ್ಷಿಸಿ, ಅರ್ಧದಷ್ಟನ್ನು ಸಾಕುವ ಕುಟುಂಬಗಳಿಗೆ ಒಪ್ಪಿಸಿ, ಎರಡು ಬಗೆಯವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದರು. ಕುಟುಂಬದಲ್ಲಿ ಬೆಳೆದವರು ಬುದ್ಧಿಯಲ್ಲಿಯೂ ಮನಸ್ಸಿನ ನೆಮ್ಮದಿಯಲ್ಲಿಯೂ ಮುಂದಾದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚಿನ ಲಾಭವಾಯಿತು. ಮಗುವಿಗೆ ಕಟ್ಟಡಕ್ಕಿಂತ ಮಡಿಲು ಮುಖ್ಯ. ಬದಲಾಗುವ ನೂರು ಮಡಿಲುಗಳಿಗಿಂತ ಬದಲಾಗದ ಒಂದು ಮಡಿಲು ಮುಖ್ಯ.

ಇನ್ನು ಹಣದ ವಿಚಾರಕ್ಕೆ ಬರೋಣ. “ಹೋದವರು ದೇಣಿಗೆಯನ್ನೂ ಒಯ್ಯುತ್ತಾರಲ್ಲ, ಅದರಿಂದ ಮಕ್ಕಳಿಗೆ ಹಿತವೇ ಅಲ್ಲವೇ?” ಎಂದು ಕೇಳುವವರುಂಟು. ಇಲ್ಲಿಯೇ ದೊಡ್ಡ ಅನರ್ಥವಿರುವದು. ಸೇವ್ ದ ಚಿಲ್ಡ್ರನ್ ಎಂಬ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಇಂಥ ನಿಲಯಗಳಲ್ಲಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಾಯಿಯಾಗಲಿ ತಂದೆಯಾಗಲಿ ಬದುಕಿದ್ದಾರೆ. ನನ್ನ ಮಿತ್ರರ ಮಗಳು ಹೊರಟಿದ್ದ ಕಾಂಬೋಡಿಯಾದಲ್ಲಿಯೇ 2005ರಿಂದ 2010ರ ವರೆಗಿನ ಐದು ವರ್ಷಗಳಲ್ಲಿ ಅನಾಥಾಲಯಗಳ ಸಂಖ್ಯೆಯು ನೂರಕ್ಕೆ 75ರಷ್ಟು ಏರಿತೆಂದೂ, ಅವುಗಳಲ್ಲಿಯ ಬಹುಪಾಲು ಮಕ್ಕಳಿಗೆ ಹೆತ್ತವರೊಬ್ಬರಾದರೂ ಇದ್ದಾರೆಂದೂ ಯುನಿಸೆಫ್ ಸಂಸ್ಥೆಯು 2011ರಲ್ಲಿ ತಿಳಿಸಿತು. ಆ ಐದು ವರ್ಷಗಳಲ್ಲಿ ಅಲ್ಲಿ ಯುದ್ಧವೂ ನಡೆಯಲಿಲ್ಲ, ಮಹಾಕ್ಷಾಮವೂ ಬೀಳಲಿಲ್ಲ. ಹೆಚ್ಚಿದ್ದು ಅನಾಥರಲ್ಲ, ಅನಾಥರನ್ನು ನೋಡಬಯಸಿ ಬರುವ ದಾನಿಗಳು.

ಇದರ ಕ್ರಮವು ಸರಳವಾಗಿದೆ. ಕಣ್ಣೆದುರಿನ ಮಗುವಿಗೆ ಹಣ ಬರುವದಾದರೆ ಕಣ್ಣೆದುರು ಇಡಲು ಮಕ್ಕಳು ಬೇಕು. ದಲಾಲಿಯೊಬ್ಬನು ಬಡವರ ಹಳ್ಳಿಗೆ ಹೋಗಿ, “ನಿಮ್ಮ ಮಗನಿಗೆ ಪುಕ್ಕಟೆ ಊಟ, ಪುಕ್ಕಟೆ ಶಾಲೆ” ಎನ್ನುವನು. ತಾಯಿ ಅಳುತ್ತ ಒಪ್ಪುವಳು. ಅಂದಿನಿಂದ ಆ ಮಗುವು ಅನಾಥನೆಂಬ ಹೆಸರು ಹೊತ್ತು ಅತಿಥಿಗಳ ಮುಂದೆ ಹಾಡು ಹೇಳಬೇಕು. ಎಲ್ಲ ಅನಾಥಾಲಯಗಳೂ ಹೀಗೆಯೇ ಎಂದು ನಾನು ಹೇಳುವದಿಲ್ಲ; ಸತ್ಯವಂತರು ನಡೆಸುವವು ಬೇಕಾದಷ್ಟಿವೆ. ಆದರೆ ಹದಿನೈದು ದಿವಸಕ್ಕೆ ಹೋದ, ಭಾಷೆ ಬಾರದ ಅತಿಥಿಗೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಸಾಧ್ಯವೇ? ಆಸ್ಟ್ರೇಲಿಯಾ ದೇಶದವರು 2018ರಲ್ಲಿ ಆಧುನಿಕ ಗುಲಾಮಗಿರಿಯ ಕುರಿತು ಕಾಯಿದೆ ಮಾಡುವಾಗ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವ ಈ ವ್ಯವಹಾರವನ್ನೂ ಚರ್ಚೆಗೆ ತೆಗೆದುಕೊಂಡರು. 2019ರ ಡಿಸೆಂಬರದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳ ಕುರಿತ ತನ್ನ ನಿರ್ಣಯದಲ್ಲಿ ಅನಾಥಾಲಯಗಳ ಯಾತ್ರೆಯಿಂದ ಮಕ್ಕಳಿಗೆ ಒದಗುವ ಅಪಾಯವನ್ನು ಎತ್ತಿ ಹೇಳಿತು.

ಕಾಂಬೋಡಿಯಾದ ಮಾತು ನಮಗೇಕೆ ಎನ್ನುವವರು ಒಂದು ಸಲ ಮಳೆ ಕೈಕೊಟ್ಟ ವರ್ಷ ಹುನಗುಂದದ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ಹುನಗುಂದ ಬಾದಾಮಿಗಳ ಒಣಬೇಸಾಯದ ಹಳ್ಳಿಗಳಿಂದ ಸಂಸಾರಗಳು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೇ ಹೋಗುವವು. ಕೊಡ, ಚೀಲ, ಹಾಸಿಗೆಯ ಸುರುಳಿ, ಕಂಕುಳಲ್ಲಿ ಕೂಸು. ಶಾಲೆಗೆ ಹೋಗುವ ದೊಡ್ಡ ಮಗುವನ್ನು ಅಜ್ಜಿಯ ಬಳಿ ಬಿಡುವರು. ಅಜ್ಜಿಯಿಲ್ಲದಿದ್ದರೆ? ಆ ಮಗುವಿಗೆ ತಾಯಿಯಿದ್ದಾಳೆ, ತಂದೆಯಿದ್ದಾನೆ. ಇಲ್ಲದಿರುವದು ಊರಲ್ಲಿ ಕೂಲಿ ಮಾತ್ರ. ಅಂಥ ಮಗುವನ್ನು ಯಾರಾದರೂ ಒಂದು ನಿಲಯಕ್ಕೆ ಸೇರಿಸಿ, ಹೊರದೇಶದಿಂದ ಬಂದವರ ಎದುರಿಗೆ ‘ಅನಾಥ’ನೆಂದು ನಿಲ್ಲಿಸಿದರೆ ನಮ್ಮ ಹೊಟ್ಟೆ ಉರಿಯುವದಿಲ್ಲವೇ? ನಮ್ಮ ಕೂಲಿಯವರ ಮಗುವಿಗೆ ಆದರೆ ಅನ್ಯಾಯವಾಗುವದು ಅಲ್ಲಿಯ ಕೂಲಿಯವರ ಮಗುವಿಗೆ ಆದಾಗ ಸೇವೆಯಾಗುವದೇ?

ಇಳಕಲ್ಲಿನ ಒಂದು ನೇಕಾರರ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಕೈಮಗ್ಗವು ಒಬ್ಬನ ಕಸಬಲ್ಲ. ಗಂಡನು ಲಾಳಿ ಎಸೆದರೆ ಹೆಂಡತಿ ನೂಲು ಸುತ್ತಿ ಕೊಡಬೇಕು, ಮುದುಕರು ಕೈಗೂಡಿಸಬೇಕು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಅವೆರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವರು. ಅದು ತಾಳ್ಮೆಯ ಕೆಲಸ. ನಡುವೆ ಕಡಿದರೆ ಸೀರೆ ಕೆಟ್ಟಿತು. ಆ ಮನೆಯ ಯಜಮಾನನು ತೀರಿಕೊಂಡನೆನ್ನಿರಿ. ಮಗ್ಗ ನಿಲ್ಲುವದು, ಸಾಲ ನಿಲ್ಲುವದಿಲ್ಲ. ಆಗ ವಿಧವೆಯು ಎರಡು ಮಕ್ಕಳಲ್ಲಿ ಒಂದನ್ನು ಎಲ್ಲಿಯಾದರೂ ಬಿಡಲು ಯೋಚಿಸುವಳು. ಆ ಹೊತ್ತಿಗೆ ಯಾರಾದರೂ ಸಾಲದ ಕಂತಿಗೆ ಆಧಾರವಾಗಿ, ನೂಲು ತಂದುಕೊಟ್ಟು, ಮಗ್ಗವನ್ನು ಮತ್ತೆ ನಡೆಸಿಕೊಟ್ಟರೆ ಅನಾಥಾಲಯದ ಮಾತೇ ಏಳುವದಿಲ್ಲ. ಆದರೆ ಆ ಸಹಾಯಕ್ಕೆ ಛಾಯಾಚಿತ್ರವಿಲ್ಲ, ಕೊರಳಿಗೆ ಬೀಳುವ ಮಕ್ಕಳಿಲ್ಲ. ಸೇರಿಸಿದ ಮೇಲೆ ಕೊಂಡಿಯು ಕಾಣದಿರುವಂತೆ ಆ ಸೇವೆಯೂ ಕಾಣುವದಿಲ್ಲ.

ಇಲ್ಲಿ ಕ್ರೈಸ್ತ ಬಂಧುಗಳು, “ದಿಕ್ಕಿಲ್ಲದವರನ್ನು ಪರಾಮರಿಸಿರೆಂದು ನಮ್ಮ ಶಾಸ್ತ್ರವೇ ಆಜ್ಞಾಪಿಸುವದು” ಎನ್ನಬಹುದು. ನಿಜ. ಆದರೆ ಯಾಕೋಬನ ಪತ್ರಿಕೆಯಲ್ಲಿ ಆ ಆಜ್ಞೆಯಿರುವ ಸ್ಥಳವನ್ನು ಮತ್ತೊಮ್ಮೆ ತೆರೆದು ನೋಡುವರೇ? ಅಲ್ಲಿ ಅನಾಥ ಮಗುವಿನ ಪಕ್ಕದಲ್ಲಿಯೇ ವಿಧವೆಯೂ ನಿಂತಿದ್ದಾಳೆ. ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಪ್ರವಾದಿಗಳ ಗ್ರಂಥಗಳಲ್ಲಿಯೂ ಇವರಿಬ್ಬರ ಹೆಸರು ಪದೇ ಪದೇ ಜೊತೆಯಾಗಿಯೇ ಬರುವದು. ಆ ಕಾಲದಲ್ಲಿ ತಂದೆಯನ್ನು ಕಳೆದುಕೊಂಡ ಮಗುವೇ ಅನಾಥ. ಆ ಮಗುವಿನ ತಾಯಿಯೇ ಆ ವಿಧವೆ. ಇವರಿಬ್ಬರನ್ನು ಅಗಲಿಸಿ ಮಗುವನ್ನು ಮಾತ್ರ ಎತ್ತಿಕೊಳ್ಳಿರೆಂದು ಶಾಸ್ತ್ರವು ಎಲ್ಲಿಯೂ ಹೇಳಲಿಲ್ಲ. ನಾವು ಮಾತ್ರ ಮುದ್ದಾದುದನ್ನು ಆರಿಸಿಕೊಂಡು ಸಾಲಗಾರಳಾದ ತಾಯಿಯನ್ನು ಬಾಗಿಲ ಹೊರಗೆ ಬಿಟ್ಟೆವು. ಬಲಗೈಯ ದಾನವು ಎಡಗೈಗೆ ತಿಳಿಯಬಾರದೆಂದು ಕಲಿಸಿದ ಗುರುವಿನ ಶಿಷ್ಯರು ಅನಾಥರೊಡನೆ ತೆಗೆಸಿಕೊಂಡ ಚಿತ್ರಗಳನ್ನು ಊರಿಗೆಲ್ಲ ತೋರಿಸುವದು ಎಷ್ಟರ ಮಟ್ಟಿಗೆ ಶೋಭೆ?

ಕ್ರೈಸ್ತ ಸೇವೆಯ ಮೇಲ್ಪಂಕ್ತಿಗೆ ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಬರಗಾಲದಲ್ಲಿಯೇ ತಂದೆಯನ್ನೂ ತಾಯಿಯನ್ನೂ ಕಳೆದುಕೊಂಡವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಹೊರದೇಶದಲ್ಲಿಯೇ ಉಳಿಯಲಿಲ್ಲ, ಮರಳಿ ಬಂದು, ಪುಣೆಯ ಹತ್ತಿರದ ಕೆಡಗಾಂವದಲ್ಲಿ ವಿಧವೆಯರಿಗೂ ಮಕ್ಕಳಿಗೂ ಒಂದೇ ಆಶ್ರಯವನ್ನು ಕಟ್ಟಿ, ಕಸಬುಗಳನ್ನು ಕಲಿಸಿ, 1922ರಲ್ಲಿ ಕಣ್ಣುಮುಚ್ಚುವ ವರೆಗೂ ಅಲ್ಲಿಯೇ ದುಡಿದರು. ಬೇರೆ ಧರ್ಮದವರಲ್ಲಿಯೂ ಇಂಥ ಮೇಲ್ಪಂಕ್ತಿಗೆ ಕೊರತೆಯಿಲ್ಲ. ನಮ್ಮ ನೆರೆಯ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಅಂಧರಾದ ಪಂಚಾಕ್ಷರಿ ಗವಾಯಿಗಳು ಅಂಧ ಅನಾಥ ಮಕ್ಕಳಿಗೆ ಸಂಗೀತವನ್ನು ಕಲಿಸಿ, 1944ರಲ್ಲಿ ತೀರಿಕೊಂಡಾಗ, ಅವರ ಕೈಯಲ್ಲಿಯೇ ಬೆಳೆದ ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆ ಹೊಣೆಯನ್ನು ಹೊತ್ತು 2010ರ ವರೆಗೆ, ತಮ್ಮ ಕೊನೆಯ ಉಸಿರಿನ ವರೆಗೆ, ನಡೆಸಿದರು. ಮಕ್ಕಳು ಮುಂಜಾನೆ ಎದ್ದು ನಿನ್ನೆಯ ದನಿಯನ್ನೇ ಇಂದೂ ಕೇಳಿದರು. ಅನಾಥನಿಗೆ ಬೇಕಾದುದು ಅದು.

ಇನ್ನೊಂದು ಆಕ್ಷೇಪ ಉಳಿಯಿತು: “ಪ್ರೀತಿಯೇ ಇಲ್ಲದಿರುವದಕ್ಕಿಂತ ಹದಿನೈದು ದಿವಸದ ಪ್ರೀತಿಯಾದರೂ ಮೇಲಲ್ಲವೇ?” ಕೇಳಲು ಇಂಪಾದ ಮಾತು. ನೀರಡಿಸಿದವನಿಗೆ ಒಂದು ಗುಟುಕು ನೀರು ಮೇಲೇ ಸರಿ. ಆದರೆ ತಾಯ್ತನವು ನೀರಿನಂತ ಅಳೆದು ಕೊಡುವ ವಸ್ತುವಲ್ಲ; ಅದು ನಂಬಿಗೆ. ನಾಳೆಯೂ ಇರುವೆನೆಂಬದೇ ಅದರ ಜೀವಾಳ. ನಾಳೆ ಇರದವರು ಇಂದು ಅದನ್ನು ಕೊಡಹೊರಟರೆ ಕೊಟ್ಟಂತಾಗದು, ತೋರಿಸಿ ಕಸಿದುಕೊಂಡಂತಾಗುವದು. ನಮ್ಮ ಕಡೆಯ ಆಡುಮಾತಿನಲ್ಲಿ ದಿಕ್ಕಿಲ್ಲದ ಮಗುವಿಗೆ ‘ಪರದೇಶಿ’ ಎನ್ನುವರು. ಎಷ್ಟು ನಿಜವಾದ ಮಾತು! ತನ್ನವರಿಂದ ಅಗಲಿದ ಮಗುವು ತಾನು ಹುಟ್ಟಿದ ಊರಿನಲ್ಲಿಯೇ ಪರದೇಶದಲ್ಲಿರುವದು. ಅದಕ್ಕೆ ಇನ್ನಷ್ಟು ಪರದೇಶಿಗಳನ್ನು ತಂದು ಕೂಡಿಸಿದರೆ ಫಲವೇನು? ಅದನ್ನು ಸ್ವದೇಶಕ್ಕೆ, ಎಂದರೆ ಒಂದು ಮನೆಗೆ, ಮುಟ್ಟಿಸುವ ದಾರಿಯನ್ನು ಹುಡುಕಬೇಕು.

ಹಾಗಾದರೆ ಅನಾಥಾಲಯಗಳನ್ನೆಲ್ಲ ಮುಚ್ಚಬೇಕೆ? ಹಾಗಲ್ಲ. ಯಾರೂ ಇಲ್ಲದ ಮಕ್ಕಳೂ ಇದ್ದಾರೆ, ಮನೆಯೇ ಅಪಾಯವಾದ ಮಕ್ಕಳೂ ಇದ್ದಾರೆ. ಅವರಿಗೆ ಆಶ್ರಯ ಬೇಕೇ ಬೇಕು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯು ಈ ಮಾತನ್ನು ಸ್ಪಷ್ಟವಾಗಿ ಹೇಳುವದು: ಮಗುವನ್ನು ಸಂಸ್ಥೆಗೆ ಸೇರಿಸುವದು ಕಟ್ಟಕಡೆಯ ಉಪಾಯವಾಗಿರಬೇಕು, ಸಂಸ್ಥೆಗಳು ನೋಂದಣಿಯಾಗಿರಬೇಕು, ಮಗುವನ್ನು ಎಲ್ಲಿರಿಸಬೇಕೆಂಬದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ನಿರ್ಣಯಿಸಬೇಕು. ಸಂಕಷ್ಟದಲ್ಲಿರುವ ಮನೆಯಲ್ಲಿಯೇ ಮಗುವು ಉಳಿಯಲೆಂದು ತಿಂಗಳಿಗೆ 4,000 ರೂಪಾಯಿ ಸಹಾಯಧನ ಕೊಡುವ ಏರ್ಪಾಡನ್ನು ಮಿಶನ್ ವಾತ್ಸಲ್ಯವೆಂಬ ಕೇಂದ್ರ ಸರಕಾರದ ಯೋಜನೆಯ 2022ರ ನಿಯಮಾವಳಿಯಲ್ಲಿ ಮಾಡಿದ್ದಾರೆ. ವರ್ಷಕ್ಕೆ 48,000 ರೂಪಾಯಿ! ಹೊರದೇಶಕ್ಕೆ ಹೋಗಿ ಹದಿನೈದು ದಿವಸವಿದ್ದು ಬರುವ ಒಬ್ಬರ ಖರ್ಚು ಇದಕ್ಕಿಂತ ಕಡಿಮೆಯಾಗುವದು ದುರ್ಲಭ. ಹೋಗಿಬರುವ ಹಣದಲ್ಲಿ ಒಂದು ಮಗುವು ಒಂದು ವರ್ಷ ತನ್ನ ತಾಯಿಯ ಬಳಿಯೇ ಇರಬಲ್ಲದೆಂದ ಮೇಲೆ ವಿವೇಕಿಗಳಿಗೆ ಇನ್ನೇನು ಹೇಳಬೇಕು?

ಇಷ್ಟಾಗಿಯೂ ಹೋಗಲೇಬೇಕೆಂಬ ಪ್ರೇರಣೆಯುಳ್ಳ ತರುಣ ತರುಣಿಯರಿಗೆ ನಾಲ್ಕು ಮಾತು. ಮೊದಲನೆಯದು, ಆ ಸಂಸ್ಥೆಯು ಕಳೆದ ವರ್ಷ ಎಷ್ಟು ಮಕ್ಕಳನ್ನು ಮರಳಿ ಮನೆ ಸೇರಿಸಿತೆಂದು ಕೇಳಿರಿ. ಎಷ್ಟು ಮಕ್ಕಳನ್ನು ಸೇರಿಸಿಕೊಂಡಿತೆಂಬದನ್ನು ಹೆಮ್ಮೆಯಿಂದ ಹೇಳಿ, ಈ ಪ್ರಶ್ನೆಗೆ ಮೌನ ವಹಿಸುವಲ್ಲಿಗೆ ಹೋಗಬೇಡಿರಿ. ಎರಡನೆಯದು, ನಿಮಗೆ ನಿಜವಾಗಿ ಬರುವ ಕೆಲಸವನ್ನು ಒಯ್ಯಿರಿ. ದಾದಿಯಾದವಳು ಅಲ್ಲಿಯ ದಾದಿಯರಿಗೆ ಕಲಿಸಲಿ. ಲೆಕ್ಕ ಬಲ್ಲವನು ಲೆಕ್ಕಪತ್ರವನ್ನು ಸರಿಪಡಿಸಲಿ. ಬಡಿಗತನ ಬಲ್ಲವನು ಛಾವಣಿಯನ್ನು ಭದ್ರಮಾಡಲಿ. ಮಕ್ಕಳನ್ನು ಎತ್ತಿಕೊಳ್ಳುವ ಕೆಲಸವನ್ನು ನಾಳೆಯೂ ಅಲ್ಲಿಯೇ ಇರುವ ಆಯಾಗೆ ಬಿಡಿರಿ. ಆಕೆಯ ಸಂಬಳ ಹೆಚ್ಚುವಂತೆ ಮಾಡಿರಿ. ಮೂರನೆಯದು, ಮಕ್ಕಳ ಚಿತ್ರ ತೆಗೆಯಬೇಡಿರಿ. ನಿಮ್ಮ ಮಗುವಿನ ಚಿತ್ರವನ್ನು ಅಪರಿಚಿತನು ಒಯ್ದರೆ ನೀವು ಸುಮ್ಮನಿರುವಿರಾ? ನಾಲ್ಕನೆಯದು, ಮಕ್ಕಳ ನಡುವೆಯೇ ಇರಬೇಕೆಂಬ ಹಂಬಲ ಅಷ್ಟು ಬಲವಾಗಿದ್ದರೆ ಗುಳೇದಗುಡ್ಡಕ್ಕೆ ಬಂದ ಆ ಹಳೆಯ ಪಾದ್ರಿಗಳಂತೆ ಮೊದಲು ಭಾಷೆ ಕಲಿಯಿರಿ, ಆ ಮೇಲೆ ವರ್ಷಗಳನ್ನು ಕೊಡಿರಿ. ದಿವಸಗಳನ್ನು ಕೊಡಲು ಮಾತ್ರ ಶಕ್ಯವಿದ್ದವರು ಅವುಗಳನ್ನು ತಮ್ಮ ತಾಲೂಕಿನಲ್ಲಿಯೇ, ಪ್ರತಿ ವಾರವೂ, ತಪ್ಪದೆ ಕೊಡಲಿ. ವಾರಕ್ಕೊಮ್ಮೆ ಗಣಿತ ಹೇಳಿಕೊಡಲು ಹತ್ತು ವರ್ಷ ಬಿಡದೆ ಬರುವ ಒಬ್ಬ ಮನುಷ್ಯನು ನಿಲಯದ ಮಗುವಿಗೆ ಸಂಬಂಧಿಕನೇ ಆಗುವನು.

ಮಿತ್ರರ ಮಗಳ ಸಂಗತಿಯನ್ನು ಹೇಳಿ ಈ ಲೇಖನವನ್ನು ಮುಗಿಸುವೆನು. ಆಕೆ ಅಂದಿನ ಮೂರು ಪ್ರಶ್ನೆಗಳನ್ನು ಆ ಸಂಸ್ಥೆಗೆ ಬರೆದು ಕೇಳಿದಳಂತೆ. ಉತ್ತರ ಬಂದಿತು. ಉಳಿದುಕೊಳ್ಳುವ ಕೋಣೆಯ ಬಾಡಿಗೆ, ಊಟದ ಏರ್ಪಾಡು, ಕೊಡಬೇಕಾದ ದೇಣಿಗೆಯ ಮೊತ್ತ, ಆದಿತ್ಯವಾರ ನೋಡಬಹುದಾದ ದೇವಾಲಯಗಳು, ಎಲ್ಲವೂ ಅದರಲ್ಲಿದ್ದವು. ಆಕೆ ಕೇಳಿದ ಮೂರು ಮಾತುಗಳಿಗೆ ಒಂದು ಅಕ್ಷರವೂ ಇರಲಿಲ್ಲ. ಟಿಕೀಟಿನ ಹಣದಲ್ಲಿ ಸ್ವಲ್ಪ ಕಳೆದುಕೊಂಡು ಪ್ರಯಾಣವನ್ನು ನಿಲ್ಲಿಸಿದಳು. ಬಣ್ಣದ ಪೆನ್ಸಿಲುಗಳ ಪೆಟ್ಟಿಗೆಯು ಬಹಳ ದಿವಸ ಹಾಗೆಯೇ ಇದ್ದಿತು. ಮೊನ್ನೆ ಆ ಮನೆಗೆ ಹೋದಾಗ ಅದು ಕಾಣಲಿಲ್ಲ. ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ, ನನ್ನ ಮೇಲೆ ಮುನಿದಿದ್ದ ಆ ತಾಯಿಯವರೇ ಉತ್ತರ ಕೊಟ್ಟರು. ಅವರ ಮನೆಗೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳು ಗಂಡನನ್ನು ಕಳೆದುಕೊಂಡು ಮಗನನ್ನು ದೂರದ ನಿಲಯವೊಂದಕ್ಕೆ ಬಿಡಲು ಹೊರಟಿದ್ದಳಂತೆ. “ಅವನ ಶಾಲೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ, ಕೂಸನ್ನು ನಿನ್ನ ಹತ್ತಿರವೇ ಇಟ್ಟುಕೋ ಎಂದು ಹೇಳಿದೆವು, ಅಣ್ಣಾ. ಪೆಟ್ಟಿಗೆ ಅವನಿಗೇ ಹೋಯಿತು” ಎಂದರು.

ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ, ಇಗರ್ಜಿಗೆ ಹೋಗುವವರಲ್ಲಿಯೂ ಗುಡಿಗೆ ಹೋಗುವವರಲ್ಲಿಯೂ ಮಸೀದಿಗೆ ಹೋಗುವವರಲ್ಲಿಯೂ, ಒಂದೊಂದು ಕುಟುಂಬವು ಇಂಥ ಒಂದೊಂದು ಮಗುವನ್ನು ಅದರ ಅವ್ವನ ಬಳಿಯೇ ಉಳಿಸಿಕೊಡಲು ಮನಸ್ಸು ಮಾಡಲಿ ಎಂದು ಪ್ರಾರ್ಥಿಸುವೆನು. ಅದಕ್ಕೆ ಪಾಸ್‌ಪೋರ್ಟು ಬೇಕಾಗುವದಿಲ್ಲ.